ಜಂಪರ್ ನನ್ನ ಜವಾಬ್ದಾರಿ

ನಾರಾಯಣಪೇಟೆಯ ನೇಕಾರ ಆಶಪ್ಪ ಆಕಾಶದಿಂದ ಬಿದ್ದದ್ದಕ್ಕೆ ಕಾರಣ ಧೈರ್ಯವಲ್ಲ, ಒಂದು ಜಂಪರ್.

ಆ ಕಡೆಯ ಕನ್ನಡದಲ್ಲಿ ಜಂಪರ್ ಎಂದರೆ ಹೆಂಗಸರು ಸೀರೆಯ ಜತೆ ತೊಡುವ ಕುಪ್ಪಸ. ಅಜ್ಜಿಯರ ಕಾಲದಿಂದಲೂ ಅದೇ ಅರ್ಥ. ಆದರೆ ಹೈದರಾಬಾದಿನಿಂದ ಒಂದು ಪುಟ್ಟ ವಿಮಾನ ತಂದು ಮಕ್ತಲ್ ಹತ್ತಿರ ಬೀಡುಬಿಟ್ಟಿದ್ದ ಕಂಪನಿಯವರ ಬಾಯಲ್ಲಿ ಜಂಪರ್ ಎಂದರೆ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಕೆಳಗೆ ಹಾರುವ ಮನುಷ್ಯ. ಈ ಎರಡನೆಯ ಅರ್ಥ ಆಶಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿಬಿಟ್ಟಿತ್ತು.

ಆಶಪ್ಪನಿಗೆ ನಲವತ್ತೈದು ದಾಟಿತ್ತು. ಒಣಗಿದ ತೊಗರಿ ಕಟ್ಟಿಗೆಯಂಥ ಮೈ. ಏಣಿಯ ನಾಲ್ಕನೆಯ ಮೆಟ್ಟಿಲು ಹತ್ತಿದರೆ ತಲೆ ತಿರುಗಿ, ಐದನೆಯದರಲ್ಲಿ ಮನೆದೇವರ ನೆನಪಾಗುತ್ತಿತ್ತು. ಆದರೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಅವನನ್ನು ಮೀರಿಸುವವರು ಆ ಓಣಿಯಲ್ಲಿ ಇರಲಿಲ್ಲ. ಮೂರು ತಿಂಗಳು ಕೂತು ಅವನೊಂದು ಹೊಸ ಸೀರೆ ನೇಯ್ದಿದ್ದ. ಬೆಲ್ಲದ ಬಣ್ಣದ ಮೈ, ಅದರ ತುಂಬ ನಾರಾಯಣಪೇಟೆಯ ಚೌಕಡಿ, ಅಂಚಿನುದ್ದಕ್ಕೂ ಜೋಳದ ತೆನೆಗಳ ಸಾಲು. ಕಾಳು ಎಣಿಸಬಹುದು, ಅಷ್ಟು ಸ್ಪಷ್ಟ.

ಗದ್ವಾಲದಲ್ಲಿ ದೊಡ್ಡ ಸೀರೆ ಅಂಗಡಿ ಇಟ್ಟಿದ್ದ ಪ್ರವೀಣ್ ಕುಮಾರ್ ಅದನ್ನು ನೋಡಿ ತಲೆದೂಗಿದ್ದ. ಹತ್ತಿಪ್ಪತ್ತು ಮಂದಿ ಹೆಂಗಸರು ತಾವಾಗಿ ಬಾಯಿಬಿಟ್ಟು ಕೇಳಿದರೆ ವರ್ಷಪೂರ್ತಿ ಅದೇ ಸೀರೆ ನೇಯಿಸುತ್ತೇನೆ, ಓಣಿಯ ಹನ್ನೆರಡು ಮಗ್ಗಕ್ಕೂ ಕೆಲಸ ಎಂದು ಮಾತು ಕೊಟ್ಟಿದ್ದ. ಕೇಳಿಸುವ ಉಪಾಯವನ್ನೂ ಅವನೇ ಹುಡುಕಿದ್ದ. ವಿಮಾನದ ಕಂಪನಿಯಲ್ಲಿ ಹರಿತಾ ಎಂಬ ಹುಡುಗಿ ಇದ್ದಳು. ಅರವತ್ತು ಸಲ ಹಾರಿದವಳು. ಅವಳು ಆ ಸೀರೆಯನ್ನು ಸೊಂಟದಿಂದ ಬಾವುಟದಂತೆ ಇಳಿಬಿಟ್ಟುಕೊಂಡು ಜನರ ಮುಂದೆ ಆಕಾಶದಿಂದ ಇಳಿಯುವುದು, ಕೆಳಗೆ ಅಂಗಡಿಯ ಗುಮಾಸ್ತರು ಬೇಕೆಂದವರ ಹೆಸರು ಬರೆದುಕೊಳ್ಳುವುದು. ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಕಾರ್ಯಕ್ರಮ.

ಆ ಭಾನುವಾರ ಚಳಿ ಹಲ್ಲು ಕಡಿಸುವಂತಿತ್ತು. ಆಶಪ್ಪನಿಗೆ ಚಳಿಗಾಲ ಬಂತೆಂದರೆ ಕಿವಿನೋವು. ಎರಡೂ ಕಿವಿಗೆ ಅರಳೆ ತುರುಕಿ, ಮೇಲೆ ಮಂಕಿಕ್ಯಾಪು ಎಳೆದುಕೊಂಡು, ಸೀರೆಯನ್ನು ಮಡಿಸಿ ಚೀಲಕ್ಕೆ ಹಾಕುತ್ತಿದ್ದಾಗ ಪ್ರವೀಣ್ ಕುಮಾರನ ಫೋನು ಬಂತು. ಪಕ್ಕದ ಮನೆಯ ಸಾಯಣ್ಣ ಚಹಾ ಕುಡಿಯುತ್ತ ಕಟ್ಟೆಯ ಮೇಲೆ ಕೂತಿದ್ದ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು; ಎಲ್ಲರನ್ನೂ ಮುಂದಕ್ಕೆ ತಳ್ಳುವ ಚಟ ಮಾತ್ರ ನಿವೃತ್ತಿಯಾಗಿರಲಿಲ್ಲ. ಆಶಪ್ಪನಿಗೆ ಕೇಳಿಸಲೆಂದು ಅವನೇ ಫೋನಿನ ಸ್ಪೀಕರ್ ಹಾಕಿಕೊಟ್ಟ.

ಹರಿತಾ ಮುಂಜಾನೆ ಬಯಲಿನಲ್ಲಿ ಓಡಾಡುವಾಗ ಕಲ್ಲೆಡವಿ ಕಾಲು ಉಳುಕಿಸಿಕೊಂಡಿದ್ದಾಳೆ ಎಂದು ಪ್ರವೀಣ್ ಕುಮಾರ್ ಮೊದಲು ಹೇಳಿದ. ಅದು ಸಾಯಣ್ಣನಿಗೆ ಕೇಳಿಸಿತು, ಆಶಪ್ಪನಿಗೆ ಕೇಳಿಸಲಿಲ್ಲ. ಆಶಪ್ಪ ಮಂಕಿಕ್ಯಾಪು ಮೇಲೆತ್ತಿ ಒಂದು ಕಿವಿಯ ಅರಳೆ ತೆಗೆಯುವಷ್ಟರಲ್ಲಿ ಮಾತು ಇಲ್ಲಿಗೆ ಬಂದಿತ್ತು:

"ಈಗ ಜಂಪರ್ ಇಲ್ಲ, ಆಶಪ್ಪಾ. ಜಂಪರ್ ಇಲ್ದ ನಿನ್ನ ಸೀರಿ ಮ್ಯಾಲ ಹೋಗಂಗಿಲ್ಲ. ಇಷ್ಟು ಹೊತ್ತಿನ್ಯಾಗ ನಾ ಜಂಪರ್ ಎಲ್ಲಿಂದ ತರ್ಲಿ?"

ಇಷ್ಟು ದೊಡ್ಡ ಅಂಗಡಿಯ ಸೇಟು ಒಂದು ಕುಪ್ಪಸಕ್ಕೆ ಇಷ್ಟು ಒದ್ದಾಡುವುದು ಕಂಡು ಆಶಪ್ಪನಿಗೆ ನಗು ಬಂತು.

"ಅದಕ್ಯಾಕ ಚಿಂತಿ ಮಾಡ್ತೀರಿ ಸೇಟ್? ಜಂಪರ್ ನನ್ನ ಜವಾಬ್ದಾರಿ. ನಾ ಬರಾಕ ಹತ್ತೀನಿ."

ಆ ಕಡೆಯಿಂದ ಪ್ರವೀಣ್ ಕುಮಾರ್ ಗದ್ಗದ ದನಿಯಲ್ಲಿ, ನಿನ್ನಂಥ ಮನುಷ್ಯನನ್ನು ನಾನು ಕಂಡೇ ಇಲ್ಲ ಎಂದು ಫೋನಿಟ್ಟ. ಆಶಪ್ಪ ಕಿವಿಗೆ ಮತ್ತೆ ಅರಳೆ ತುರುಕಿ, ಹೆಂಡತಿ ಜಮ್ಮುಲಮ್ಮನ ಪೆಟ್ಟಿಗೆಯಿಂದ ಬೆಲ್ಲದ ಬಣ್ಣದ ಒಂದು ಜಂಪರ್ ಹುಡುಕಿ ಚೀಲದಲ್ಲಿಟ್ಟುಕೊಂಡ. ಸಾಯಣ್ಣ ಚಹಾದ ಲೋಟ ಅಲ್ಲೇ ಬಿಟ್ಟು ಓಣಿಗೆ ಓಡಿದ.

ಆಶಪ್ಪ ಹೊರಗೆ ಬಂದಾಗ ಓಣಿ ತುಂಬ ಜನ. ಎದುರುಮನೆಯ ಹಂಪಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ಮನೆಯ ಎರಡು ಮಗ್ಗಕ್ಕೂ ಆರು ತಿಂಗಳಿಂದ ಕೆಲಸವಿರಲಿಲ್ಲ. ಅವಳು ಹಣೆಗೆ ಕುಂಕುಮವಿಟ್ಟು, ಯಾಕೋ ಕಣ್ಣೊರೆಸಿಕೊಂಡು, ಅವನ ಕಾಲು ಮುಟ್ಟಿದಳು. ಒಂದು ಸೀರೆಗೆ ಇಷ್ಟು ಮರ್ಯಾದೆಯೇ ಎಂದು ಆಶಪ್ಪ ಉಬ್ಬಿಹೋದ. ಜಮ್ಮುಲಮ್ಮ ಹಾಲು ತರಲು ಹೋಗಿದ್ದಳು. ಅವಳೂ ಇದನ್ನು ನೋಡಬೇಕಿತ್ತು ಅನಿಸಿತು. ನೀನು ನಡೆ, ಅವಳು, ಓಣಿಯವರು ಎಲ್ಲ ಟೆಂಪೋದಲ್ಲಿ ಹಿಂದಿನಿಂದ ಬರುತ್ತಾರೆ ಎಂದು ಸಾಯಣ್ಣ ಅವನನ್ನು ಮಕ್ತಲ್ ಬಸ್ಸಿಗೆ ತಳ್ಳಿ, ತಾನೂ ಹತ್ತಿದ.

ವಿಮಾನ ನಿಂತಿದ್ದದ್ದು ಮಕ್ತಲ್ ಹೊರಗಿನ ಒಂದು ವೆಂಚರಿನಲ್ಲಿ. ಎಂದರೆ ಪ್ಲಾಟು ಮಾಡಿ ಮಾರಲು ಯಾರೋ ಹಸನು ಮಾಡಿಸಿ, ಮಾರಾಟವಾಗದೆ ಹಾಗೇ ಬಿದ್ದಿದ್ದ ಬಯಲು. ಸಾಲಾಗಿ ನೆಟ್ಟ ಕಲ್ಲುಗಳ ನಡುವೆ ನಲವತ್ತಡಿ ಅಗಲದ ರಸ್ತೆ ಇತ್ತು. ಅದೇ ವಿಮಾನ ಓಡುವ ದಾರಿ. ವಿಮಾನವೆಂದು ಕರೆಯುತ್ತಿದ್ದ ವಸ್ತುವಿಗೆ ಮೇಲೊಂದು ಬಟ್ಟೆಯ ರೆಕ್ಕೆ, ಹಿಂದೊಂದು ಪಂಖಾ, ನಡುವೆ ಎರಡು ಕುರ್ಚಿ. ಬಾಗಿಲಿಲ್ಲ, ಗೋಡೆಯಿಲ್ಲ. ಆಟೋಕ್ಕೆ ಗಾಳಿ ಹಿಡಿದು ರೆಕ್ಕೆ ಬಂದಂತಿತ್ತು.

ಪ್ರವೀಣ್ ಕುಮಾರ್ ಓಡಿಬಂದು ಚೆಂಡುಹೂವಿನ ಹಾರ ಹಾಕಿದ. ತೂಕ ತೊಂಬತ್ತೆಂಟು ಕಿಲೋ ಆದ್ದರಿಂದ ಅವನು ಓಡಿಬಂದಾಗ ಭೂಮಿಗೂ ತಿಳಿಯುತ್ತಿತ್ತು. ಆಶಪ್ಪ ಚೀಲದಿಂದ ಕುಪ್ಪಸ ತೆಗೆದು ಅವನ ಕೈಗಿಟ್ಟ.

"ತಗೋರಿ ನಿಮ್ಮ ಜಂಪರ್. ಬಣ್ಣ ಹೊಂದ್ತೈತಿ ನೋಡ್ರಿ."

ಪ್ರವೀಣ್ ಕುಮಾರ್ ಕುಪ್ಪಸವನ್ನು ಹಿಂದೆಮುಂದೆ ತಿರುಗಿಸಿ ನೋಡಿದ. ಸಾಯಣ್ಣ ನೋಡಿದ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ ಹರಿತಾ, ವಿಮಾನ ನಡೆಸುವ ಕಲ್ಯಾಣ್, ಎಲ್ಲರೂ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಸಾವಿನ ಮುಂದೆ ನಿಂತೂ ತಮಾಷೆ ಮಾಡುವ ಮನುಷ್ಯ ಎಂದು ಪ್ರವೀಣ್ ಕುಮಾರ್ ಅವನ ಬೆನ್ನು ಚಪ್ಪರಿಸಿದ. ಆ ಚಪ್ಪರಿಕೆಗೆ ಮಂಕಿಕ್ಯಾಪು ಸರಿದು ಒಂದು ಕಿವಿಯ ಅರಳೆ ಹೊರಗೆ ಬಿತ್ತು. ಇವತ್ತು ಹಾರುವವನು ನೀನೇ ಎಂದ ಅವನ ಮಾತಿನ ಜತೆ ಜಂಪರ್ ಎಂಬುದರ ಎರಡನೆಯ ಅರ್ಥ ಆ ಕಿವಿಯಿಂದ ಆಶಪ್ಪನ ಒಳಗೆ ಹೋಯಿತು.

ಅವನು ಅಲ್ಲೇ ಒಂದು ಪ್ಲಾಟಿನ ಕಲ್ಲಿನ ಮೇಲೆ ಕೂತ. ತಾನು ಕುಪ್ಪಸವೆಂದು ತಿಳಿದಿದ್ದೆ ಎಂದು ಮೂರು ಸಲ ಹೇಳಿದ. ಮೂರನೆಯ ಸಲಕ್ಕೆ ನಗು ನಿಂತಿತು, ಆದರೆ ಬೇರೇನೂ ಆಗಲಿಲ್ಲ. ಸಾಯಣ್ಣ ಪಕ್ಕದಲ್ಲಿ ಕೂತು, ಓಣಿಯವರೆಲ್ಲ ಟೆಂಪೋ ಹತ್ತಿಯಾಗಿದೆ, ಹನ್ನೆರಡು ಮಗ್ಗ ನಿನ್ನನ್ನೇ ನೋಡುತ್ತಿವೆ ಎಂದ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ ಎಂದು ಕಲ್ಯಾಣ್ ವಿವರಿಸಿದ. ಪ್ಯಾರಾಚೂಟಿನ ಹಗ್ಗದ ಒಂದು ತುದಿ ವಿಮಾನಕ್ಕೇ ಕಟ್ಟಿರುತ್ತದೆ. ಮನುಷ್ಯ ಬಿದ್ದ ಕೂಡಲೇ ಜಗ್ಗಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಜೋಳದ ಚೀಲ ಒಗೆದರೂ ಸುಸೂತ್ರವಾಗಿ ಇಳಿಯುತ್ತದೆ. ಹಾಗಾದರೆ ಜೋಳದ ಚೀಲವನ್ನೇ ಒಗೆಯಿರಿ ಎಂದು ಆಶಪ್ಪ ಕೇಳಿಕೊಂಡ. ಚೀಲಕ್ಕೆ ಕೈ ಬೀಸಲು ಬರುವುದಿಲ್ಲ ಎಂದು ಪ್ರವೀಣ್ ಕುಮಾರ್ ಒಪ್ಪಲಿಲ್ಲ.

ಒಂದೇ ಒಂದು ಷರತ್ತಿತ್ತು. ಹಾರುವವರ ತೂಕ ಐವತ್ತೈದು ಕಿಲೋ ಮೀರಬಾರದು. ಇದು ಕೇಳಿ ಆಶಪ್ಪನಿಗೆ ಜೀವ ಬಂತು. ಹತ್ತಿ ವ್ಯಾಪಾರಿಯೊಬ್ಬನ ತೂಕದ ಕಾಟಾ ತರಿಸುವಷ್ಟರಲ್ಲಿ, ಮೂತ್ರಕ್ಕೆ ಹೋಗಿಬರುವ ನೆಪದಲ್ಲಿ ಬಯಲಂಚಿಗೆ ಹೋಗಿ ಅಂಗಿಯ ಎರಡೂ ಜೇಬು, ಚಡ್ಡಿಯ ಜೇಬು, ಮಂಕಿಕ್ಯಾಪಿನ ಒಳಗೆ ಕೂಡ ಬೆಣಚುಕಲ್ಲು ತುಂಬಿಕೊಂಡ. ದಾರಿಯಲ್ಲಿದ್ದ ಬೋರಿಂಗಿನ ಕೈಪಂಪಿನಲ್ಲಿ ಹೊಟ್ಟೆ ಬಿರಿಯುವಷ್ಟು ನೀರು ಕುಡಿದ. ನಡೆದುಬರುವಾಗ ಚಿಲ್ಲರೆ ತುಂಬಿದ ಗೋಲಕದ ಸದ್ದು ಬರುತ್ತಿತ್ತು. ಕಾಟಾದ ಮೇಲೆ ನಿಂತ. ಐವತ್ತೊಂದೂವರೆ.

"ಮಸ್ತೈತಿ," ಎಂದ ಕಲ್ಯಾಣ್. "ಇನ್ನೂ ಮೂರೂವರಿ ಕಿಲೋ ಜಾಗ ಐತಿ."

ತರಬೇತಿಗೆ ಅರ್ಧ ಗಂಟೆ. ಟ್ರ್ಯಾಕ್ಟರಿನ ಟ್ರಾಲಿಯ ಮೇಲಿಂದ ಮೂರು ಸಲ ಹಾರಿಸಿದರು. ಕಾಲು ಜೋಡಿಸಿ, ಮೊಣಕಾಲು ಮಡಿಸಿ, ಪಕ್ಕಕ್ಕೆ ಉರುಳಬೇಕು ಎಂದು ಹರಿತಾ ಕುರ್ಚಿಯಿಂದಲೇ ಹೇಳಿಕೊಟ್ಟಳು. ಮೊದಲ ಸಲ ಆಶಪ್ಪ ಹಾರಲೇ ಇಲ್ಲ, ಟ್ರಾಲಿಯ ಅಂಚು ಹಿಡಿದು ಜೋತುಬಿದ್ದ. ಎರಡನೆಯ ಸಲ ಜೇಬಿನ ಕಲ್ಲೆಲ್ಲ ಉದುರಿದವು. ಮೂರನೆಯ ಸಲ ಪ್ರವೀಣ್ ಕುಮಾರನ ಮೇಲೆ ಬಿದ್ದ. ಅದೊಂದೇ ಸಲ ಏನೂ ನೋವಾಗಲಿಲ್ಲ. ಗಾಳಿಯಲ್ಲಿ ಎಡಬಲ ತಿರುಗಲು ಎರಡು ಹಿಡಿಕೆ ಇರುತ್ತವೆ, ಯಾವಾಗ ಯಾವುದನ್ನು ಎಳೆಯಬೇಕೆಂದು ತಾನು ಕೆಳಗಿನಿಂದ ರೇಡಿಯೋದಲ್ಲಿ ಹೇಳುತ್ತೇನೆ ಎಂದು ಹರಿತಾ ಅವನ ಹೆಲ್ಮೆಟಿನೊಳಗೆ ಒಂದು ಯಂತ್ರ ಸಿಕ್ಕಿಸಿದಳು. ಆಶಪ್ಪ ತಲೆಯಾಡಿಸಿದ. ಬಿದ್ದುಹೋಗಿದ್ದ ಅರಳೆಯನ್ನು ಅವನು ಚಳಿಗೆ ತಾಳಲಾರದೆ ಮತ್ತೆ ಕಿವಿಗೆ ತುರುಕಿಕೊಂಡಾಗಿತ್ತು. ಅದನ್ನು ಯಾರೂ ನೋಡಿರಲಿಲ್ಲ.

ಅಷ್ಟರಲ್ಲಿ ಓಣಿಯ ಟೆಂಪೋ ಬಂತು. ಮುಂದಿನ ಸೀಟಿನಲ್ಲಿ ಜಮ್ಮುಲಮ್ಮ. ಆಶಪ್ಪನ ಕಣ್ಣಲ್ಲಿ ನೀರು ತುಂಬಿತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು. ಅವನು ಮಾಳಿಗೆ ಹತ್ತಿದರೆ ಕೆಳಗಿನಿಂದ ಬೈಯುವವಳು. ಅವಳು ಈಗ ಬಂದು, ಎಲ್ಲರ ಮುಂದೆ ಅಡ್ಡ ಕೂತು, ನನ್ನ ಗಂಡನನ್ನು ಕಳಿಸುವುದಿಲ್ಲ ಎಂದು ಹಟ ಹಿಡಿಯುತ್ತಾಳೆ. ಹೆಂಡತಿಯ ಮಾತಿಗೆ ಕಟ್ಟುಬಿದ್ದು ತಾನು ಮರ್ಯಾದೆಯಿಂದಲೇ ಮನೆಗೆ ಹೋಗಬಹುದು. ಅವನು ಕೈ ಚಾಚಿದ.

ಜಮ್ಮುಲಮ್ಮ ನೆಟ್ಟಗೆ ಬಂದು ಅವನ ಸೊಂಟಕ್ಕೆ ಕಟ್ಟಿದ್ದ ಸೀರೆಯ ಚೀಲವನ್ನು ಜಗ್ಗಿ ನೋಡಿದಳು.

"ಗಂಟು ಗಟ್ಟಿ ಐತಿಲ್ರಿ?"

"ಜಮ್ಮೂ, ನನಗ ಭಯ ಆಗಾಕ ಹತ್ತೈತಿ."

"ಅದು ಆಗೂದ. ಗದ್ವಾಲದಿಂದ ನಮ್ಮ ತಮ್ಮ ಬಾಲರಾಜ ಬಂದಾನ, ಫೋನಿನ್ಯಾಗ ತಗೀತಾನಂತ. ಬೀಳೂವಾಗ ಕಣ್ಣು ಮುಚ್ಚಬ್ಯಾಡ್ರಿ, ಫೋಟೋ ಕೆಡ್ತೈತಿ."

ಹೀಗೆ ಆಶಪ್ಪ ವಿಮಾನದಲ್ಲಿ ಕೂತ. ಅವನನ್ನು ಎತ್ತಿ ಕೂಡಿಸಿದ್ದು ಸಾಯಣ್ಣ.

ವಿಮಾನ ಕಲ್ಲುಗಳ ನಡುವೆ ಗುಡುಗುಡು ಓಡಿ, ಒಂದು ಸಲ ಬಿಕ್ಕಳಿಸಿ, ನೆಲ ಬಿಟ್ಟಿತು. ಆಶಪ್ಪ ಕಲ್ಯಾಣನ ಜಾಕೀಟಿನ ತೋಳು ಹಿಡಿದವನು ಬಿಡಲಿಲ್ಲ. ಗಾಳಿ ಮುಖಕ್ಕೆ ತಣ್ಣೀರಿನಂತೆ ಎರಚುತ್ತಿತ್ತು. ಕುಡಿದಿದ್ದ ನೀರೆಲ್ಲ ಈಗ ಇಳಿಯುತ್ತೇನೆಂದು ಒತ್ತಾಯ ಮಾಡತೊಡಗಿತು. ಬಹಳ ಹೊತ್ತಿನ ಮೇಲೆ ಒಂದು ಕಣ್ಣು ತೆರೆದ. ಕೆಳಗೆ ಮಂಜು ಕರಗಿ ಮಕ್ತಲ್ ಊರು ಯಾರೋ ಚೆಲ್ಲಿದ ಬೆಂಕಿಪೊಟ್ಟಣಗಳ ಹಾಗೆ ಕಾಣುತ್ತಿತ್ತು. ದೂರದಲ್ಲಿ ಜುರಾಲಾ ಅಣೆಕಟ್ಟಿನ ನೀರು ಹೊಳೆಯಿತು. ಮೂರು ಸಾವಿರ ಅಡಿ ಎಂದು ಕಲ್ಯಾಣ್ ಬೆರಳಲ್ಲಿ ತೋರಿಸಿದ. ಮೂರು ನಿಮಿಷದಲ್ಲಿ ವಾಪಸು ಹೋಗೋಣ ಎನ್ನುತ್ತಿದ್ದಾನೆ ಎಂದುಕೊಂಡು ಆಶಪ್ಪ ಸಂತೋಷದಿಂದ ತಲೆಯಾಡಿಸಿದ. ಕಲ್ಯಾಣ್ ಅವನ ಬೆಲ್ಟು ಬಿಚ್ಚಿದ.

ಬೆಲ್ಟು ಬಿಚ್ಚಿದ ಮೇಲೆ ಆಶಪ್ಪನಿಗೆ ಅರ್ಥವಾಯಿತು. ಅವನು ಎರಡೂ ಕೈಯಿಂದ ಕುರ್ಚಿಯ ಕಂಬ ತಬ್ಬಿಕೊಂಡ. ಕಲ್ಯಾಣ್ ಹಾರು ಎಂದು ಸನ್ನೆ ಮಾಡಿದ. ಆಶಪ್ಪ ಆಗದು ಎಂದು ಸನ್ನೆ ಮಾಡಿದ. ವಿಮಾನ ಒಂದು ಸುತ್ತು ಹೊಡೆಯಿತು, ಎರಡನೆಯ ಸುತ್ತು ಹೊಡೆಯಿತು. ಕೊನೆಗೆ ಕಲ್ಯಾಣನಿಗೂ ಮರುಕ ಬಂದಿರಬೇಕು, ಕೆಳಗಿಳಿಸುತ್ತೇನೆ ಎಂಬಂತೆ ಕೈ ತೋರಿಸಿದ. ಆಶಪ್ಪ ನಿಟ್ಟುಸಿರು ಬಿಟ್ಟು, ಆಗ ಮೊದಲ ಸಲ ಧೈರ್ಯ ಮಾಡಿ ತನ್ನ ಕಾಲಕೆಳಗೆ ನೋಡಿದ.

ಸೀರೆಯ ಸೆರಗು ಚೀಲದಿಂದ ಹೊರಗೆ ಬಂದಿತ್ತು. ಗಾಳಿಗೆ ಪಟಪಟ ಬಡಿಯುತ್ತ ವಿಮಾನದ ಗಾಲಿಗೆ ಸುತ್ತಿಕೊಳ್ಳುತ್ತಿತ್ತು. ಇಳಿದು ನೆಲ ಮುಟ್ಟಿದರೆ ಗಾಲಿ ತಿರುಗಿ ಅಂಚೆಲ್ಲ ಚಿಂದಿಯಾಗುತ್ತದೆ. ಮೂರು ತಿಂಗಳ ತೆನೆ.

ಆಶಪ್ಪನಿಗೆ ಮೂರು ಸಾವಿರ ಅಡಿ ಮರೆತುಹೋಯಿತು. ಕಂಬ ಬಿಟ್ಟು ಬಗ್ಗಿದ. ಕೈ ನಿಲುಕಲಿಲ್ಲ. ಇನ್ನಷ್ಟು ಬಗ್ಗಿದ. ಎರಡು ಬೆರಳಿಂದ ಸೆರಗನ್ನು ಮೆಲ್ಲಗೆ, ಒಂದೆಳೆ ಹರಿಯದಂತೆ, ಗಾಲಿಯಿಂದ ಬಿಡಿಸಿದ. ಬಿಡಿಸಿ, ಆಹಾ ಎಂದುಕೊಳ್ಳುವಷ್ಟರಲ್ಲಿ ಅವನ ಕೆಳಗೆ ವಿಮಾನ ಇರಲಿಲ್ಲ.

ಒಂದು ಕ್ಷಣ ಗಾಳಿಯಲ್ಲಿ ಕೈಕಾಲು ಬಡಿದ. ಮರುಕ್ಷಣ ಯಾರೋ ಜುಟ್ಟು ಹಿಡಿದು ಎತ್ತಿದಂತೆ ಮೈ ಜಗ್ಗಿತು. ಆಮೇಲೆ ಸದ್ದೇ ಇಲ್ಲ. ತಲೆಯ ಮೇಲೆ ಕಿತ್ತಳೆ, ನೀಲಿ, ಹಳದಿ ಪಟ್ಟಿಗಳ ಭಾರೀ ಛತ್ರಿ ಅರಳಿ ನಿಂತಿತ್ತು. ಆಶಪ್ಪ ಅದನ್ನು ನೋಡಲಿಲ್ಲ. ಅವನು ನೋಡಿದ್ದು ಕೆಳಗೆ. ಸೊಂಟದಿಂದ ಸೀರೆ ಒಂದೇ ಒಂದು ಮಡಿಕೆ ತಪ್ಪದೆ ಉದ್ದಕ್ಕೂ ಬಿಚ್ಚಿಕೊಂಡು, ಬಿಸಿಲಿಗೆ ಅಂಚು ಮಿನುಗಿಸುತ್ತ ತೇಲುತ್ತಿತ್ತು. ಅದರ ಚೌಕಡಿ, ಅದರ ಕೆಳಗೆ ಹೊಲಗಳ ಚೌಕಡಿ. ತನ್ನ ಮಗ್ಗದಿಂದಲೇ ಈ ನೆಲವೆಲ್ಲ ಇಳಿದುಬಂದಿದೆಯೇನೋ ಎಂಬಂತೆ ಕಂಡಿತು. ಆಶಪ್ಪನಿಗೆ ಭಯವೆಲ್ಲ ಹೋಗಿ, ಹಾಡಬೇಕೆನಿಸಿತು. ಹಾಡು ಯಾವುದೂ ಬಾರದ ಕಾರಣ ಕೈ ಬೀಸಿದ.

ಕೆಳಗೆ ಹರಿತಾ ರೇಡಿಯೋದಲ್ಲಿ ಎಡಕ್ಕೆ ಎಳೆ ಎನ್ನುತ್ತಿದ್ದಳು. ಆಶಪ್ಪ ಕೈ ಬೀಸಿದ. ಬಲಕ್ಕಾದರೂ ಎಳೆ ಎಂದಳು. ಅವನು ಎರಡೂ ಕೈ ಬೀಸಿದ. ಅರಳೆ ತನ್ನ ಕೆಲಸ ನಿಷ್ಠೆಯಿಂದ ಮಾಡುತ್ತಿತ್ತು. ಗಾಳಿ ಅವನನ್ನು ವೆಂಚರಿನ ಮೇಲಿಂದ, ಜನರ ಮೇಲಿಂದ, ಪ್ರವೀಣ್ ಕುಮಾರ್ ಸುಣ್ಣದಲ್ಲಿ ಬರೆಸಿದ್ದ ದೊಡ್ಡ ವೃತ್ತದ ಮೇಲಿಂದ ದಾಟಿಸಿ, ರಸ್ತೆಯಾಚೆ ಯಾರೋ ರೈತರು ಒಣಹಾಕಿದ್ದ ಮೆಣಸಿನಕಾಯಿಯ ಕಣಕ್ಕೆ ತಂದು ಇಳಿಸಿತು. ಕಾಲು ಜೋಡಿಸಿ, ಮೊಣಕಾಲು ಮಡಿಸಿ, ಹೇಳಿಕೊಟ್ಟ ಹಾಗೆಯೇ ಪಕ್ಕಕ್ಕೆ ಉರುಳಿದ. ಕೆಂಪು ಮೆಣಸಿನಕಾಯಿಯಲ್ಲಿ ಈ ತುದಿಯಿಂದ ಆ ತುದಿಗೆ ಉರುಳಿದ.

ಜನ ಓಡಿಬಂದಾಗ ಆಶಪ್ಪ ಎದ್ದು ಕೂತು ಸೀನುತ್ತಿದ್ದ. ಕಣ್ಣು, ಮೂಗು, ಬಾಯಿ ಎಲ್ಲದರಿಂದಲೂ ನೀರು. ಆನಂದದ ಕಣ್ಣೀರು ಎಂದು ಹಂಪಮ್ಮ ಸೆರಗಿನಿಂದ ಅವನ ಮುಖ ಒರೆಸಿದಳು. ಮೆಣಸಿನಕಾಯಿ ಇನ್ನಷ್ಟು ಒಳಗೆ ಹೋಯಿತು. ಸಾಯಣ್ಣ ಅವನನ್ನು ಹೆಗಲ ಮೇಲೆ ಹೊತ್ತುಕೊಂಡ. ಎರಡು ಸೀನಿಗೆ ಕೆಳಗಿಳಿಸಿದ. ಅರವತ್ತು ಸಲ ಹಾರಿದ ತಾನೂ ಹೀಗೆ ತಲೆಕೆಳಗಾಗಿ ಹಾರಿಲ್ಲ ಎಂದು ಹರಿತಾ ಕುಂಟುತ್ತ ಬಂದು ಕೈ ಕುಲುಕಿದಳು. ಬಾಲರಾಜ ಎಂದೂ ಭಾವನಿಗೆ ಕೈ ಮುಗಿದವನಲ್ಲ, ಆವತ್ತು ಮುಗಿದ.

ಅಷ್ಟು ಹೊತ್ತಿಗೆ ಪ್ರವೀಣ್ ಕುಮಾರ್ ಏದುಸಿರು ಬಿಡುತ್ತ, ಕೈಯಲ್ಲಿ ಹೆಸರಿನ ಪಟ್ಟಿ ಹಿಡಿದು ಬಂದು ಅವನ ಕಿವಿಯ ಹತ್ತಿರ ಕೂಗಿದ.

"ಅರವತ್ತೆರಡು ಹೆಸ್ರು, ಆಶಪ್ಪಾ. ಇನ್ನೂ ಬರಸಾಕ ಹತ್ಯಾರ. ಗುಮಾಸ್ತನ ಪೆನ್ನ ಖಾಲಿ ಆತು."

ಆಶಪ್ಪನಿಗೆ ಉರಿ ಮರೆತುಹೋಯಿತು. ಅರವತ್ತೆರಡು. ಹನ್ನೆರಡು ಮಗ್ಗಕ್ಕೆ ಹೇಗೆ ಹಂಚಬೇಕು, ಹಂಪಮ್ಮನ ಮಗ್ಗಕ್ಕೆ ಮೊದಲು ಹೂಡಬೇಕು, ಬೆಲ್ಲದ ಬಣ್ಣಕ್ಕೆ ನೂಲು ನಾಳೆಯೇ ಅದ್ದಲು ಹಾಕಬೇಕು ಎಂದು ಸೀನಿನ ನಡುವೆಯೇ ಹೇಳತೊಡಗಿದ. ಪ್ರವೀಣ್ ಕುಮಾರ್ ಸ್ವಲ್ಪ ಹೊತ್ತು ಕೇಳಿದ.

"ಬೆಲ್ಲದ ಬಣ್ಣ ಯಾಕಪ್ಪಾ? ಅವ್ರು ಕೇಳಿದ್ದು ಕಿತ್ತಳಿ, ನೀಲಿ, ಹಳದಿ ಪಟ್ಟೀದು. ನಿನ್ನ ತಲಿ ಮ್ಯಾಲ ಅರಳಿತ್ತಲ್ಲ, ಆ ಛತ್ರೀದು."

ಹಾಗಾದರೆ ನನ್ನ ಸೀರೆ ಏನಾಯಿತು ಎಂದು ಆಶಪ್ಪ ಕೇಳಿದ. ಸೀರೆ ಅಷ್ಟು ಎತ್ತರದಲ್ಲಿ ಒಂದು ದಾರದ ಹಾಗೆ ಕಂಡಿತಂತೆ. ಪಾಪ, ಆ ಮನುಷ್ಯನ ಧೋತರ ಬಿಚ್ಚಿಹೋಗಿದೆ ಎಂದು ಪಕ್ಕದ ನಾರ್ವ ಊರಿನಿಂದ ಬಂದ ಮುದುಕಿಯೊಬ್ಬಳು ಹೇಳಿದ್ದರಿಂದ ಹೆಣ್ಣುಮಕ್ಕಳು ಆ ಕಡೆ ನೋಡಲೂ ಇಲ್ಲವಂತೆ. ಪ್ಯಾರಾಚೂಟಿನ ಬಟ್ಟೆ ಮಗ್ಗದಲ್ಲಿ ನೇಯಲು ಬರುವುದಿಲ್ಲ ಎಂದು ಆಶಪ್ಪ ತಗ್ಗಿದ ದನಿಯಲ್ಲಿ ಹೇಳಿದ. ನೇಯಲು ನಿನಗೆ ಹೇಳಿದವರು ಯಾರು ಎಂದು ಪ್ರವೀಣ್ ಕುಮಾರ್ ಅವನ ಭುಜ ತಟ್ಟಿದ. ಸೂರತ್ತಿನ ಮಿಲ್ಲಿಗೆ ಆಗಲೇ ಫೋನು ಮಾಡಿಯಾಗಿತ್ತು. ಅದೇ ಪಟ್ಟಿ, ಅದೇ ಮಿಂಚು, ಪ್ರಿಂಟು ಹಾಕಿಸಿದ ಸೀರೆ ಎಂಟು ದಿನದಲ್ಲಿ ಲಾರಿಯಲ್ಲಿ ಬಂದು ಬೀಳುತ್ತದೆ. ಹೆಸರು ಕೂಡ ಇಟ್ಟಾಗಿತ್ತು: ಛತ್ರಿ ಸೀರೆ. ಸಾಯಣ್ಣ ಸೊಸೆಯರಿಗೆಂದು ಎರಡು ಬರೆಸಿದ್ದ. ಹಂಪಮ್ಮ ಬಣ್ಣ ಬಿಡುತ್ತದೆಯೋ ಇಲ್ಲವೋ ಎಂದು ಗುಮಾಸ್ತನನ್ನು ವಿಚಾರಿಸುತ್ತಿದ್ದಳು.

ಆಶಪ್ಪ ಸುತ್ತ ನೋಡಿದ. ಜನರೆಲ್ಲ ಪಟ್ಟಿಯ ಸುತ್ತ ಸೇರಿದ್ದರು. ಜಮ್ಮುಲಮ್ಮ ಒಬ್ಬಳೇ ಕಣದಲ್ಲಿ ಬಗ್ಗಿ, ಬಿದ್ದಿದ್ದ ಸೀರೆಯನ್ನು ಎತ್ತಿಕೊಂಡು, ಅಂಚಿಗೆ ಸಿಕ್ಕಿದ್ದ ಮೆಣಸಿನ ಬೀಜಗಳನ್ನು ಒಂದೊಂದಾಗಿ ಬಿಡಿಸಿ, ಅಚ್ಚುಕಟ್ಟಾಗಿ ಮಡಿಸುತ್ತಿದ್ದಳು. ಅವಳೊಬ್ಬಳಿಗಾದರೂ ಅರ್ಥವಾಗಿದೆ ಎಂದು ಅವನ ಎದೆ ತುಂಬಿಬಂತು. ಅವಳು ಮಡಿಸಿದ ಸೀರೆಯನ್ನು ಅವನ ತೊಡೆಯ ಮೇಲಿಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಯಾರಿಗೂ ಕೇಳಿಸದಂತೆ ಹೇಳಲು ಅವನ ಹೆಲ್ಮೆಟ್ ಕಳಚಿ ಕಿವಿಯಿಂದ ಅರಳೆ ತೆಗೆದಳು.

"ಏನ್ರಿ, ಸೇಟ್‌ಗ ಒಂದು ಮಾತು ಹೇಳ್ರಿ. ನೀವಿನ್ನೂ ಮ್ಯಾಲ ಜೋತಾಡಾಕ ಹತ್ತಿದ್ರಿ, ಅವಾಗ ಓಡಿಹೋಗಿ ಛತ್ರಿ ಸೀರಿಗೆ ಹೆಸ್ರು ಬರಸೀನಿ. ಆದ್ರೂ ಏಳನೇದಾಗೈತಿ. ಹಾರಿದವ್ರ ಹೆಣ್ತಿ ಅಂತ ಹೇಳಿ ಮೊದಲನೇದು ಮಾಡಸ್ರಿ."